ಅತ್ತಳು, ಅತ್ತಳಂತೆ, ಅತ್ತಿರಬೇಕು: ಮನೆತನದ ಚರಿತ್ರೆ ಕಥೆಯಾಗುವ ಬಗೆ

ಹಿಂದಿನ ತಲೆಮಾರಿನ ಹೆಣ್ಣುಮಗಳೊಬ್ಬಳು ಗಂಡನ ಮನೆಗೆ ಹೊರಟ ದಿನದ ಸಂಗತಿಯನ್ನು ಕನ್ನಡದಲ್ಲಿ ಮೂರು ಬಗೆಯಾಗಿ ಹೇಳಬಹುದು. ‘ಅತ್ತಳು’ ಎಂದರೆ ಕಂಡವರ ಮಾತು; ‘ಅತ್ತಳಂತೆ’ ಎಂದರೆ ಕಂಡವರಿಂದ ಕೇಳಿ ತಿಳಿದವರ ಮಾತು; ‘ಅತ್ತಿರಬೇಕು’ ಎಂದರೆ ಕಾಣದೆ, ಕೇಳದೆ, ಅವಳಿಗೆ ಆಗ ಒಂಬತ್ತು ವರ್ಷ ಎಂಬಂಥ ಬೇರೊಂದು ಸಂಗತಿಯನ್ನು ಆಧಾರವಾಗಿಟ್ಟುಕೊಂಡು ಊಹಿಸಿದವರ ಮಾತು. ಮನೆಮಾತಿನಲ್ಲಿ ಯಾರೂ ಗಮನಿಸದಷ್ಟು ಸಹಜವಾಗಿ ಬಂದುಹೋಗುವ ಈ ಮೂರು ರೂಪಗಳು, ಮನೆತನದ ಚರಿತ್ರೆಯನ್ನು ಹುಡುಕಿ ಅದನ್ನು ಕಥೆಯಾಗಿಯೋ ಕಾದಂಬರಿಯಾಗಿಯೋ ಕವಿತೆಯಾಗಿಯೋ ಬರೆಯಹೊರಟವರ ಮುಂದೆ ಮಾತ್ರ ದೊಡ್ಡ ಪ್ರಶ್ನೆಯಾಗಿ ನಿಲ್ಲುತ್ತವೆ. ಸಂಶೋಧಕನಿಗೆ ಮೊದಲನೆಯ ರೂಪದ ಮೇಲೆ ಆಸೆ, ಅಜ್ಜಿಯರ ನೆನಪು ನಡೆಯುವುದು ಎರಡನೆಯದರಲ್ಲಿ, ಸಾಹಿತ್ಯ ಹುಟ್ಟುವುದು ಬಹುಪಾಲು ಮೂರನೆಯದರಲ್ಲಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬರಹಗಾರನಿಗೆ ತಾನು ದಾಟುತ್ತಿದ್ದೇನೆ ಎಂಬ ಅರಿವು ಇರುವುದೇ ಈ ಬಗೆಯ ಬರವಣಿಗೆಯ ಮುಖ್ಯ ಶಿಸ್ತು.

ಮನೆತನದ ಚರಿತ್ರೆಯನ್ನು ಕಾಪಾಡುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಎಂಬ ಅಲೆಮಾರಿ ಸಮುದಾಯದವರು ಸಿಂಗರಿಸಿದ ಎತ್ತಿನೊಂದಿಗೆ ಒಕ್ಕಲು ಮನೆಗಳ ಬಾಗಿಲಿಗೆ ಬಂದು, ಆ ಮನೆತನದ ಮೂಲ ಊರು ಯಾವುದು, ಬೆಡಗು ಯಾವುದು, ಮೂಲಪುರುಷ ಯಾರು, ಯಾವ ತಲೆಮಾರಿನಲ್ಲಿ ಯಾರು ಎಲ್ಲಿಗೆ ವಲಸೆ ಹೋದರು ಎಂಬುದನ್ನು ಸಾಲಾಗಿ ಹೇಳಿ, ಅದಕ್ಕೆ ಪ್ರತಿಯಾಗಿ ಕಾಳು, ಬಟ್ಟೆ, ಹಣ ಪಡೆದು ಹೋಗುವ ರೂಢಿ ಇಂದಿಗೂ ಪೂರ್ತಿ ನಿಂತಿಲ್ಲ. ಬೆಡಗು ಎಂದರೆ ಒಂದೇ ಮೂಲದವರೆಂದು ನಂಬಿ, ತಮ್ಮೊಳಗೆ ಮದುವೆ ಸಂಬಂಧ ಬೆಳೆಸದ ಮನೆತನಗಳ ಗುಂಪು. ತಂದೆಯಿಂದ ಮಗನಿಗೆ ಬಾಯಿಪಾಠವಾಗಿ ಸಾಗಿಬಂದದ್ದನ್ನೂ ಹೊತ್ತಿಗೆಗಳಲ್ಲಿ ಬರೆದಿಟ್ಟದ್ದನ್ನೂ ಕೂಡಿಸಿ ಹೇಳುವ ಹೆಳವರು ತಮ್ಮ ಭೇಟಿಯ ಸಂದರ್ಭದಲ್ಲಿ ಹೊಸದಾಗಿ ಹುಟ್ಟಿದವರ ಹೆಸರನ್ನು ಕೇಳಿ ಸೇರಿಸಿಕೊಳ್ಳುವುದರಿಂದ, ಆ ದಾಖಲೆ ಒಮ್ಮೆ ಬರೆದು ಮುಗಿಸಿದ ಗ್ರಂಥವಾಗದೆ ಬೆಳೆಯುತ್ತಲೇ ಇರುತ್ತದೆ. ಕಾಶಿ, ಗಯೆ, ಹರಿದ್ವಾರಗಳ ಪಂಡಾಗಳು ಯಾತ್ರಿಕರ ಮನೆತನಗಳ ವಿವರವನ್ನು ವಹಿಗಳಲ್ಲಿ ಬರೆದಿಡುವ ಪದ್ಧತಿಯೂ ಇದೇ ಜಾತಿಯದು. ಕರ್ನಲ್ ಕಾಲಿನ್ ಮೆಕೆಂಜಿ 1799ರ ನಂತರ ಮೈಸೂರು ಸೀಮೆಯ ಮೋಜಣಿ ನಡೆಸುವಾಗ ಅವನ ಸಹಾಯಕರು ಊರೂರಿನಿಂದ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ, ಅಂದರೆ ಊರಿನ ಮತ್ತು ಅಲ್ಲಿನ ಪ್ರಮುಖ ಮನೆತನಗಳ ವೃತ್ತಾಂತ ಹೇಳುವ ಬರಹಗಳಲ್ಲಿ, ಪಾಳೆಯಗಾರರ ವಂಶಾವಳಿಗಳು ಧಾರಾಳವಾಗಿವೆ, ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳ ಸಂಪುಟ ಅವನ್ನು ಸಾಮಾನ್ಯ ಓದುಗರ ಕೈಗೂ ತಲುಪಿಸಿದೆ.

ಇಂಥ ಯಾವ ವಂಶಾವಳಿಯನ್ನು ತೆಗೆದು ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಅದರಲ್ಲಿರುವ ಹೆಸರುಗಳು. ನಿಧಾನವಾಗಿ ಅರಿವಿಗೆ ಬರುವುದು ಅದರಲ್ಲಿ ಇಲ್ಲದ ಹೆಸರುಗಳು. ತಂದೆ, ಮಗ, ಮೊಮ್ಮಗ ಎಂದು ಇಳಿಯುವ ರೇಖೆಯಲ್ಲಿ ತಾಯಂದಿರು ಅಪರೂಪ, ಹೆಣ್ಣುಮಕ್ಕಳು ಇನ್ನೂ ಅಪರೂಪ, ಮಕ್ಕಳಿಲ್ಲದೆ ಸತ್ತವರು ಇಲ್ಲವೆಂದೇ ಹೇಳಬೇಕು. ಮದುವೆಯಾದಾಗ ಹೆಣ್ಣಿಗೆ ಗಂಡನ ಮನೆಯವರು ಹೊಸ ಹೆಸರಿಡುವ ರೂಢಿ ಇದ್ದ ಸಮುದಾಯಗಳಲ್ಲಿ, ತವರಿನ ಕಾಗದದಲ್ಲಿರುವ ಹುಡುಗಿಯೂ ಗಂಡನ ಮನೆಯ ಕಾಗದದಲ್ಲಿರುವ ಸೊಸೆಯೂ ಒಬ್ಬಳೇ ಎಂದು ಗುರುತಿಸುವುದೇ ಒಂದು ಸಂಶೋಧನೆಯಾಗುತ್ತದೆ. ಶ್ರಾದ್ಧದ ಮಂತ್ರದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಬರುತ್ತದೆ ನಿಜ; ಆದರೆ ತಲೆಮಾರು ಒಂದು ಮುಂದೆ ಸರಿದಂತೆಲ್ಲ ಹಿಂದಿನ ಒಂದು ಹೆಸರು ಬಾಯಿಂದ ಜಾರುತ್ತದೆ. ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಮಾತ್ರ ಈ ಲೆಕ್ಕ ಬೇರೆ. ಅಲ್ಲಿ ಕುಟುಂಬದ ಕವಲುಗಳು ಹೆಣ್ಣುಗಳಿಂದಲೇ ಒಡೆಯುತ್ತವೆಯಾದ್ದರಿಂದ ಮೂಲಸ್ತ್ರೀಯ ಹೆಸರು ಉಳಿದು, ಅವಳನ್ನು ಮದುವೆಯಾದವನ ಹೆಸರು ಮಸುಕಾಗುತ್ತದೆ. ವಂಶಾವಳಿ ಎಂಬುದು ಆಸ್ತಿ, ಹಕ್ಕು, ಕರ್ಮ ಇವು ಯಾವ ದಾರಿಯಲ್ಲಿ ಹರಿಯಬೇಕೆಂದು ತೋರಿಸಲು ಹುಟ್ಟಿದ ನಕ್ಷೆಯಾದ್ದರಿಂದ, ಆ ದಾರಿಯಲ್ಲಿ ಇಲ್ಲದವರು ಅದರಲ್ಲಿ ಬಾರದಿರುವುದು ಅದರ ಸ್ವಭಾವವೇ ಆಗಿದೆ. ಆ ಬಾರದವರಿಗಾಗಿಯೇ ಸೃಜನಶೀಲ ಬರವಣಿಗೆ ಬೇಕು.

ಹಾಗೆಂದು ಕಾಗದಗಳನ್ನು ಬದಿಗಿಟ್ಟು ನೇರವಾಗಿ ಕಲ್ಪನೆಗೆ ಇಳಿಯುವುದು ಅವಸರದ ಕೆಲಸ. ಹಳೆಯ ಮನೆಗಳ ಅಟ್ಟ, ಪೆಟ್ಟಿಗೆಗಳಲ್ಲಿ ಸಿಗುವ ಕಾಗದಗಳ ಬಗೆ ಹಲವು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಕಪ್ಪು ಹಲಗೆಯಂತೆ ಮಾಡಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತ. ಮುಂಬಯಿ ಪ್ರಾಂತದ ಜಿಲ್ಲೆಗಳಲ್ಲಾದರೆ ಮೋಡಿ ಲಿಪಿಯ ಪತ್ರಗಳು. ಭೋಗ್ಯಪತ್ರ, ಪಾಲುಪಟ್ಟಿ, ದತ್ತಕಪತ್ರ. ಹೊಲದ ಸರ್ವೆ ನಂಬರು, ಅನುಭವದಾರನ ಹೆಸರು, ಬೆಳೆ ಎಲ್ಲವನ್ನೂ ಹೇಳುವ ಪಹಣಿ. ಅಣ್ಣತಮ್ಮಂದಿರು ಬೇರೆಯಾದಾಗ ಬರೆಸಿದ ಪಾಲುಪಟ್ಟಿಯಷ್ಟು ಕಥೆಗಾರನಿಗೆ ಒದಗಿಬರುವ ದಾಖಲೆ ಇನ್ನೊಂದಿಲ್ಲ ಎನ್ನಬಹುದು. ಯಾರ ಪಾಲಿಗೆ ಬಾವಿ ಬಂತು, ಯಾರಿಗೆ ಅದರಲ್ಲಿ ನೀರು ಸೇದುವ ಹಕ್ಕು ಮಾತ್ರ ಉಳಿಯಿತು, ತಾಮ್ರದ ಹಂಡೆ ಯಾರ ಕಡೆ ಹೋಯಿತು, ವಿಧವೆ ಅತ್ತೆಗೆ ವರ್ಷಕ್ಕೆ ಎಷ್ಟು ಭತ್ತ ಕೊಡಬೇಕೆಂದು ಒಪ್ಪಿದರು ಎಂಬುದೆಲ್ಲ ಅಲ್ಲಿ ಯಾವ ಭಾವನೆಯೂ ಇಲ್ಲದ ಭಾಷೆಯಲ್ಲಿ ಬರೆದಿರುತ್ತದೆ. ಆ ನಿರ್ಭಾವದ ಸಾಲುಗಳ ಹಿಂದೆ ಒಂದು ಮನೆ ಒಡೆದ ಸದ್ದು ಇರುವುದರಿಂದಲೇ ಅದು ಬರಹಗಾರನನ್ನು ಕಾಡುತ್ತದೆ.

ಕಾಲವನ್ನು ಗೊತ್ತುಮಾಡುವುದು ಇಲ್ಲಿನ ಮೊದಲ ಕಷ್ಟ. ಹಿರಿಯರ ನೆನಪು ಇಸವಿಗಳಲ್ಲಿ ಇರುವುದಿಲ್ಲ, ಸಂವತ್ಸರಗಳಲ್ಲಿ ಇರುತ್ತದೆ. ಅರವತ್ತು ಸಂವತ್ಸರಗಳ ಚಕ್ರ ಮರಳಿ ಮರಳಿ ಬರುವುದರಿಂದ, ಧಾತು ಸಂವತ್ಸರದಲ್ಲಿ ಹುಟ್ಟಿದವನು ಎಂದು ಯಾರಾದರೂ ಹೇಳಿದರೆ ಅದು 1876-77 ಆಗಬಹುದು, 1936-37 ಕೂಡ ಆಗಬಹುದು. ಮೊದಲನೆಯದಾದರೆ ಆ ಮಗು ಮೈಸೂರು ಸಂಸ್ಥಾನವನ್ನು ಬರಿದು ಮಾಡಿದ ಧಾತು-ಈಶ್ವರ ಬರದ ನಡುವೆ ಕಣ್ಣುಬಿಟ್ಟಿದೆ. ಎರಡನೆಯದಾದರೆ ಅದರ ಬಾಲ್ಯ ಎರಡನೆಯ ಮಹಾಯುದ್ಧದ ಪಡಿತರದ ದಿನಗಳಲ್ಲಿ ಕಳೆದಿದೆ. ಒಂದು ತಪ್ಪು ಚಕ್ರವನ್ನು ಹಿಡಿದರೆ ಕಥೆಯಲ್ಲಿ ಹಸಿವೇ ಬೇರೆಯಾಗುತ್ತದೆ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಜನವರಿ, ಫೆಬ್ರವರಿ ತಿಂಗಳ ಘಟನೆಗಳು ಹಿಂದಿನ ಸಂವತ್ಸರಕ್ಕೆ ಸೇರುತ್ತವೆ ಎಂಬುದನ್ನೂ ಮರೆಯಬಾರದು. ಜಾತಕವಿದ್ದರೆ ಕೆಲಸ ಹಗುರ. ಸಂವತ್ಸರ, ಮಾಸ, ತಿಥಿ, ನಕ್ಷತ್ರಗಳ ಜೊತೆಗೆ ವಾರವೂ ಇರುವುದರಿಂದ ಹಳೆಯ ಪಂಚಾಂಗದೊಡನೆ ತಾಳೆ ನೋಡಿ ದಿನವನ್ನೇ ಗೊತ್ತುಮಾಡಬಹುದು. ಜಾತಕವಿಲ್ಲದ ಮನೆಗಳಲ್ಲಿ ಊರಿನ ದೊಡ್ಡ ಸಂಕಟಗಳೇ ಗುರುತುಕಲ್ಲುಗಳಾಗುತ್ತವೆ: ಬೆಂಗಳೂರಿಗೆ ಪ್ಲೇಗು ಬಂದ 1898 ವಿಲಂಬಿ ಸಂವತ್ಸರ, ಇನ್‌ಫ್ಲುಯೆಂಜಾ ಮಾರಿ ಮನೆಮನೆಗಳನ್ನು ಹೊಕ್ಕ 1918 ಕಾಳಯುಕ್ತಿ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಹುಟ್ಟಿದವಳು ಎಂಬ ಒಂದೇ ಮಾತು, ಪ್ಲೇಗಿನ ಹೆದರಿಕೆಗೆ ಊರು ಖಾಲಿಮಾಡಿದ ವರ್ಷವನ್ನು ತೋರಿಸಿಕೊಡುವುದರ ಜೊತೆಗೆ, ಆ ಹೆರಿಗೆ ಎಂಥ ನೆಲದ ಮೇಲೆ, ಎಂಥ ಭಯದ ನಡುವೆ ಆಗಿರಬೇಕು ಎಂಬುದನ್ನೂ ಕಾಣಿಸುತ್ತದೆ.

ಪ್ಲೇಗಿನ ಊರಿನಿಂದ, ಲೆಕ್ಕದ ಪುಸ್ತಕದಿಂದ, ತಾಯಿಯ ನೆನಪಿನಿಂದ ಕನ್ನಡದಲ್ಲಿ ಮೂಡಿದ ದೊಡ್ಡ ಕೃತಿ ಎಸ್.ಎಲ್. ಭೈರಪ್ಪ ಅವರ ‘ಗೃಹಭಂಗ’. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ ಲೇಖಕರು 1970ರಲ್ಲಿ ಪ್ರಕಟಿಸಿದ ಈ ಕಾದಂಬರಿಯಲ್ಲಿ, ಹೊಣೆಗೇಡಿ ಶಾನುಭೋಗ ಚೆನ್ನಿಗರಾಯನ ಹೆಂಡತಿ ನಂಜಮ್ಮ ಗಂಡನ ಹೆಸರಿನಲ್ಲಿ ತಾನೇ ಲೆಕ್ಕಪತ್ರಗಳನ್ನು ಬರೆದು ಸಂಸಾರವನ್ನು ತೂಗಿಸುತ್ತಾಳೆ. ಶಾನುಭೋಗ ಎಂದರೆ ಊರಿನ ಭೂಮಿ ಮತ್ತು ಕಂದಾಯದ ಲೆಕ್ಕ ಇಡುತ್ತಿದ್ದ ವಂಶಪಾರಂಪರ್ಯದ ಅಧಿಕಾರಿ. 1961ರ ಕಾಯ್ದೆ ಆ ಪದ್ಧತಿಯನ್ನು ರದ್ದುಮಾಡಿತು. ಮನೆತನದ ಚರಿತ್ರೆ ಹುಡುಕುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಥ ಲೆಕ್ಕದ ಪುಸ್ತಕವೊಂದು ಪತ್ರಾಗಾರದಲ್ಲಿ ಸಿಕ್ಕಿದರೆ ಅದರ ಮೇಲಿನ ಹೆಸರು ಗಂಡನದೇ ಆಗಿರುತ್ತದೆ, ಅಕ್ಷರ ಯಾರದೆಂದು ಪುಸ್ತಕ ಹೇಳುವುದಿಲ್ಲ. ದಾಖಲೆಯನ್ನು ನಂಬಿದ ಸಂಶೋಧಕ ಚೆನ್ನಿಗರಾಯನನ್ನು ದಕ್ಷ ಶಾನುಭೋಗನೆಂದು ಬರೆದಾನು. ಕಾದಂಬರಿ ಮಾತ್ರ ಆ ಅಕ್ಷರದ ಹಿಂದಿನ ಕೈಯನ್ನು ತೋರಿಸಬಲ್ಲದು. ಅದೇ ಲೇಖಕರು 1996ರಲ್ಲಿ ‘ಭಿತ್ತಿ’ ಎಂಬ ಆತ್ಮಕಥೆಯನ್ನೂ ಬರೆದಿರುವುದರಿಂದ, ಒಂದೇ ಬದುಕಿನ ಸಾಮಗ್ರಿ ಕಾದಂಬರಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಆತ್ಮಕಥೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಕನ್ನಡಿಗರಿಗಿದೆ. ಆತ್ಮಕಥೆಯಲ್ಲಿ ಎಲ್ಲವನ್ನೂ ನೋಡುವುದು ಮಗನ ಕಣ್ಣು, ಅದು ಕಂಡಷ್ಟನ್ನೇ ಹೇಳಬೇಕು. ಕಾದಂಬರಿಯಲ್ಲಿ ತಾಯಿ ಒಬ್ಬಳೇ ಇದ್ದಾಗಿನ ಗಳಿಗೆಯೊಳಕ್ಕೂ ಬರವಣಿಗೆ ಹೋಗಿಬರುತ್ತದೆ. ಮಗನಿಗೆ ಅಲ್ಲಿ ಪ್ರವೇಶ ಸಿಗುವುದು ತಾಯಿಯನ್ನು ಪಾತ್ರವಾಗಿಸಿದ ಮೇಲೆಯೇ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಇನ್ನೂ ನೇರವಾದ ನಿದರ್ಶನ. ತೀರ್ಥಹಳ್ಳಿಯಲ್ಲಿ ಹುಟ್ಟಿ, ನಡುವಯಸ್ಸಿನಲ್ಲಿ ಬರವಣಿಗೆಗೆ ತೊಡಗಿ, 1963ರಲ್ಲಿ ‘ತುಂಗಭದ್ರ’ ಎಂಬ ಮೊದಲ ಕಾದಂಬರಿಯನ್ನು ಕೊಟ್ಟ ಇಂದಿರಾ, 1976ರಲ್ಲಿ ಪ್ರಕಟಿಸಿದ ಈ ಕೃತಿಗೆ ತಾವು ಬಾಲ್ಯದಲ್ಲಿ ಕಂಡಿದ್ದ ಹಿರಿಯ ವಿಧವೆಯೊಬ್ಬರ ಬದುಕನ್ನೇ ಆಧಾರ ಮಾಡಿಕೊಂಡರು. ಆ ಹಿರಿಯಾಕೆ ತಮ್ಮ ಕಥೆಯನ್ನು ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಬಳಿ. ತಾಯಿಯಿಂದ ಅದು ಮಗಳಿಗೆ ಬಂತು. ಬುದ್ಧಿ ತಿಳಿಯುವ ಮೊದಲೇ ಮದುವೆ, ಹಿಂದೆಯೇ ವೈಧವ್ಯ, ಮೈನೆರೆದ ಮೇಲೆ ತಲೆಬೋಳಿಸಿ ಕೆಂಪು ಸೀರೆ, ಆಮೇಲೆ ಬಾಳಿನುದ್ದಕ್ಕೂ ಇತರರ ಮನೆಯ ಬಾಣಂತನ, ಅಡುಗೆ, ಆರೈಕೆ. ಇಂಥವಳ ಹೆಸರನ್ನು ವಂಶಾವಳಿ ಹಿಡಿದಿಡುವುದಿಲ್ಲ, ಏಕೆಂದರೆ ಅವಳಿಂದ ಮುಂದಕ್ಕೆ ಯಾವ ಗೆರೆಯೂ ಇಳಿಯುವುದಿಲ್ಲ. ಪಾಲುಪಟ್ಟಿಯಲ್ಲಿ ಅವಳು ಜೀವನಾಂಶದ ಒಂದು ಸಾಲು, ಅಷ್ಟೆ. ಅವಳ ಚರಿತ್ರೆ ಉಳಿಯಲು ಇದ್ದ ದಾರಿ ಒಂದೇ, ಹೆಂಗಸರು ಹೆಂಗಸರಿಗೆ ಒಳಮನೆಯಲ್ಲಿ ಹೇಳಿಕೊಂಡ ಮಾತು. ಫಣಿಯಮ್ಮ ಮಡಿಯ ಗಡಿಯನ್ನು ದಾಟಿ ಕೆಳಜಾತಿಯ ಹೆಂಗಸಿನ ಹೆರಿಗೆಗೆ ನೆರವಾಗುವ ಪ್ರಸಂಗವಾಗಲಿ, ತಲೆಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯೊಬ್ಬಳ ಪರವಾಗಿ ನಿಲ್ಲುವ ಪ್ರಸಂಗವಾಗಲಿ ಸಿದ್ಧಾಂತದ ಬಲದಿಂದ ನಡೆಯದೆ, ಅನುಭವಿಸಿ ಹದಗೊಂಡ ಮನಸ್ಸಿನ ಸಹಜ ನಡೆಯಾಗಿ ಮೂಡಿರುವುದಕ್ಕೆ ಕಾರಣ, ಲೇಖಕಿ ತಾವು ಕೇಳಿದ್ದನ್ನು ಹೇಳಿದವರ ದನಿಯಲ್ಲಿಯೇ ಉಳಿಸಿಕೊಂಡದ್ದು ಎಂದು ತೋರುತ್ತದೆ. ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿಸಿದರು, ತೇಜಸ್ವಿನಿ ನಿರಂಜನ ಅವರು ಇಂಗ್ಲಿಷಿಗೆ ತಂದರು. ಯಾವ ವಂಶವೃಕ್ಷದ ಕೊಂಬೆಯಲ್ಲಿಯೂ ಜಾಗವಿಲ್ಲದ ಹೆಂಗಸು ಹೀಗೆ ಆ ಮನೆತನದ ಎಲ್ಲ ಯಜಮಾನರಿಗಿಂತ ಹೆಚ್ಚು ಜನರಿಗೆ ಪರಿಚಿತಳಾದಳು.

ಮನೆಯವರನ್ನು ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದಕ್ಕೆ ಜರ್ಮನ್ ಕಾದಂಬರಿಕಾರ ಥಾಮಸ್ ಮನ್‌ನ ಉದಾಹರಣೆ ಪಾಠದಂತಿದೆ. ಉತ್ತರ ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ ಧಾನ್ಯ ವ್ಯಾಪಾರ ಮಾಡುತ್ತಿದ್ದ ತನ್ನ ಮನೆತನದ ನಾಲ್ಕು ತಲೆಮಾರುಗಳ ಏಳುಬೀಳನ್ನು ‘ಬುಡೆನ್‌ಬ್ರೂಕ್ಸ್’ ಕಾದಂಬರಿಯಾಗಿ ಬರೆಯಲು ತೊಡಗಿದ 1897ರಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ, ಇದ್ದದ್ದು ದೂರದ ಇಟಲಿಯಲ್ಲಿ. ಅಲ್ಲಿಂದ ಅವನು ಮನೆಯವರಿಗೆ ಕಾಗದ ಬರೆದು ಕೇಳಿದ್ದು ಅಡುಗೆಯ ವಿಧಾನ, ಧಾನ್ಯ ವ್ಯಾಪಾರದ ಒಳಗುಟ್ಟು, ಅತ್ತೆಯೊಬ್ಬಳ ಎರಡು ಮದುವೆಗಳು ಮುರಿದುಬಿದ್ದ ಬಗೆ ಇಂಥವನ್ನು. ತಂಗಿ ಯೂಲಿಯಾ ಆ ಅತ್ತೆಯ ಬಗ್ಗೆ ಬರೆದು ಕಳಿಸಿದ ದೀರ್ಘ ಪತ್ರದಿಂದ ಕಾದಂಬರಿಯ ಟೋನಿ ಎಂಬ ಮರೆಯಲಾಗದ ಪಾತ್ರ ರೂಪುಗೊಂಡಿತು. ಹಿಂದಿನ ಕಥೆ ಹೇಳಿ ಎಂದರೆ ಹಿರಿಯರು ಸಾಮಾನ್ಯವಾಗಿ ತಿದ್ದಿ ತೀಡಿದ, ನೂರು ಸಲ ಹೇಳಿ ನುಣುಪಾದ ಕಥೆಯನ್ನೇ ಹೇಳುತ್ತಾರೆ; ಹಬ್ಬದ ದಿನ ಒಲೆ ಹಚ್ಚುತ್ತಿದ್ದವರು ಯಾರು, ಗಂಡಸರು ಉಂಡ ಮೇಲೆ ಹೆಂಗಸರಿಗೆ ಸಾರು ಉಳಿಯುತ್ತಿತ್ತೇ, ಅಡಿಕೆಯ ಧಾರಣೆ ಬಿದ್ದ ವರ್ಷ ಮನೆಯಲ್ಲಿ ಏನನ್ನು ಮಾರಿದರು ಎಂದು ಕೇಳಿದರೆ ಮಾತ್ರ ಯಾರೂ ಸಿದ್ಧಮಾಡಿಟ್ಟುಕೊಂಡಿರದ ಉತ್ತರ ಹೊರಡುತ್ತದೆ. ಮನ್‌ನ ಕಾದಂಬರಿಯಲ್ಲಿ ಮನೆತನದ ಹುಟ್ಟುಸಾವುಗಳನ್ನು ಬರೆದಿಡುವ ಪುಸ್ತಕವೇ ಒಂದು ಪಾತ್ರದಂತೆ ಬರುತ್ತದೆ. ವಂಶದ ಕೊನೆಯ ಕುಡಿಯಾದ ಸೂಕ್ಷ್ಮ ಮನಸ್ಸಿನ ಬಾಲಕ ಹಾನ್ನೊ ಒಂದು ದಿನ ತನ್ನ ಹೆಸರಿನ ಕೆಳಗೆ ಜೋಡಿಗೆರೆ ಎಳೆದುಬಿಡುತ್ತಾನೆ. ತಂದೆ ಸಿಟ್ಟಾಗುತ್ತಾನೆ, ಮುಂದೆ ಬರೆಯುವುದಕ್ಕೆ ಏನೂ ಇಲ್ಲವೆಂದು ಆ ಮಗುವಿಗೆ ಅನ್ನಿಸಿತ್ತು. ದಾಖಲೆ ಇಡುವ ಪುಸ್ತಕವೇ ದುರಂತದ ಮುನ್ಸೂಚನೆಯಾಗುವ ಈ ಪ್ರಸಂಗದಲ್ಲಿ ಸಂಶೋಧನೆಯ ಸಾಮಗ್ರಿ ಕಲೆಯಾಗುವ ಗಳಿಗೆಯನ್ನು ಕಣ್ಣಾರೆ ಕಾಣಬಹುದು.

ಕೇಳಿದ್ದನ್ನು ಕಂಡದ್ದೆಂದು ಹೇಳಿದಾಗ ಆಗುವ ಅಪಾಯಕ್ಕೆ ಅಮೆರಿಕದ ಅಲೆಕ್ಸ್ ಹೇಲಿಯ ‘ರೂಟ್ಸ್’ ಸಾಕ್ಷಿ. ಗುಲಾಮಗಿರಿಯಲ್ಲಿ ಹೆಸರನ್ನೂ ಊರನ್ನೂ ಕಳೆದುಕೊಂಡ ಕರಿಯ ಜನರಿಗೆ ತಮ್ಮ ಬೇರನ್ನು ಹುಡುಕುವ ಹಂಬಲ ಎಷ್ಟು ಆಳವಾಗಿತ್ತೆಂಬುದಕ್ಕೆ, 1976ರಲ್ಲಿ ಪುಸ್ತಕವಾಗಿಯೂ ಮರುವರ್ಷ ದೂರದರ್ಶನ ಸರಣಿಯಾಗಿಯೂ ಅದು ಪಡೆದ ಸ್ವಾಗತವೇ ಅಳತೆಗೋಲು. ಹೇಲಿ ಅಜ್ಜಿಯಿಂದಲೂ ಅವಳ ಒಡನಾಡಿ ಹೆಂಗಸರಿಂದಲೂ ಕೇಳಿದ ಕೆಲವು ಆಫ್ರಿಕನ್ ಶಬ್ದಗಳ ಜಾಡು ಹಿಡಿದು, ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ದೇಶದ ಜುಫುರೆ ಎಂಬ ಹಳ್ಳಿಗೆ ಹೋಗಿ, ಅಲ್ಲಿ ವಂಶಾವಳಿ ಹೇಳುವ ಹಿರಿಯನೊಬ್ಬನ ಬಾಯಿಂದ ತನ್ನ ಮೂಲಪುರುಷ ಕುಂಟಾ ಕಿಂಟೆಯ ಹೆಸರು ಕೇಳಿದ್ದಾಗಿ ಬರೆದನು. ನಮ್ಮ ಹೆಳವರನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವಲ್ಲ. ಆದರೆ ಮುಂದೆ ಅಲ್ಲಿಗೆ ಹೋದ ಸಂಶೋಧಕರು ಆ ಹಿರಿಯ ಪರಂಪರೆಯಿಂದ ಕಲಿತ ವಂಶಗಾಯಕನಲ್ಲವೆಂದೂ, ಬಂದವನು ಯಾವ ಹೆಸರನ್ನು ಕೇಳಲು ಬಯಸುತ್ತಾನೆಂಬುದು ಮೊದಲೇ ಊರಿಗೆ ತಿಳಿದಿತ್ತೆಂದೂ ತೋರಿಸಿಕೊಟ್ಟರು. ಅಮೆರಿಕದ ದಾಖಲೆಗಳೂ ಹೇಲಿಯ ಕಥೆಯೊಡನೆ ಹೊಂದಲಿಲ್ಲವೆಂದು 1981ರಲ್ಲಿ ವಂಶಾವಳಿ ತಜ್ಞರು ಬರೆದರು. ಇನ್ನೊಬ್ಬ ಲೇಖಕ ಹೆರಾಲ್ಡ್ ಕೂರ್ಲ್ಯಾಂಡರ್‌ನ ಕಾದಂಬರಿಯ ಭಾಗಗಳು ತನ್ನ ಪುಸ್ತಕದಲ್ಲಿ ಸೇರಿಕೊಂಡಿವೆಯೆಂದು ಒಪ್ಪಿಕೊಂಡು ಹೇಲಿ 1978ರಲ್ಲಿ ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಬೇಕಾಯಿತು. ಸಂಗತಿ ಮತ್ತು ಕಲ್ಪನೆ ಎರಡನ್ನೂ ಬೆರೆಸಿದ ಬರಹವೆಂದು ಅವನೇ ಅದನ್ನು ಕರೆದಿದ್ದರೂ, ಬೆರಕೆಯಲ್ಲಿ ಯಾವುದು ಎಷ್ಟೆಂಬುದನ್ನು ಓದುಗರಿಗೆ ತೋರಿಸಿರಲಿಲ್ಲ. ಆ ಪುಸ್ತಕ ಲಕ್ಷಾಂತರ ಜನರಿಗೆ ಕೊಟ್ಟ ಆತ್ಮಗೌರವ ಸುಳ್ಳಲ್ಲ, ಗುಲಾಮಗಿರಿಯ ನೋವಿನ ಚಿತ್ರಣವೂ ಸುಳ್ಳಲ್ಲ. ಹೇಲಿ ‘ಅಂತೆ’ಯನ್ನು ಕಿತ್ತುಹಾಕಿದ್ದರಿಂದಲೇ, ಹೇಳಲೇಬೇಕಾಗಿದ್ದ ಸತ್ಯದ ಮೇಲೂ ಅನುಮಾನದ ನೆರಳು ಬೀಳುವಂತಾಯಿತು.

ಕಾಗದವೇ ಇಲ್ಲದವರ ಪಾಡನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾಗುತ್ತದೆ. ಭೂಮಿ ಇಲ್ಲದವನ ಹೆಸರು ಪಹಣಿಯಲ್ಲಿ ಬರುವುದಿಲ್ಲ. ಜೀತಕ್ಕಿದ್ದವನ ಹೆಸರು ಬರುವುದಾದರೆ ಧಣಿಯ ಸಾಲದ ಲೆಕ್ಕದಲ್ಲಿ, ಅದೂ ಅರ್ಧ ಹೆಸರು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ಕೊಟ್ಟ ಅರ್ಜಿಗಳಲ್ಲಿ, ತಮ್ಮ ಅಪ್ಪ, ಅಜ್ಜ ಅದೇ ನೆಲವನ್ನು ಉತ್ತದ್ದನ್ನು ಹೇಳಿಕೊಂಡ ಹೇಳಿಕೆಗಳಲ್ಲಿ, ಅಕ್ಷರ ಬಾರದ ಅನೇಕ ಮನೆತನಗಳ ಚರಿತ್ರೆ ಮೊದಲ ಸಲ ಬರಹಕ್ಕೆ ಇಳಿಯಿತು. ಅದಕ್ಕೂ ಆಚೆಗೆ ಉಳಿದವರಿಗೆ ಸಾಹಿತ್ಯವೇ ದಾಖಲೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಹಲವು ತಲೆಮಾರುಗಳ ಕಥೆಯನ್ನು ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಹೇಳುವಾಗ, ಮನೆಮನೆಯ ದೀಪಗಳಿಂದ ಹೊರಟ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಜನಪದ ನಂಬಿಕೆಯನ್ನೇ ಕಥನದ ದಾರಿಯಾಗಿ ಬಳಸಿಕೊಂಡಿದೆ. ಬರೆದಿಟ್ಟ ಸಾಕ್ಷಿ ಇಲ್ಲದ ಕಡೆ ಮನೆಯೊಳಗೆ ಎಲ್ಲವನ್ನೂ ಕಂಡ ದೀಪವೇ ಸಾಕ್ಷಿ ಹೇಳಬೇಕೆಂಬ ಆ ಕಲ್ಪನೆ ಬರಿಯ ಚಮತ್ಕಾರವಲ್ಲ. ದಾಖಲೆ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗೆ ಅದೇ ಉತ್ತರ.

ಮನೆತನದ ಕಥೆಯೆಂದರೆ ಸಾವಿರ ಪುಟದ ಕಾದಂಬರಿಯೇ ಆಗಬೇಕೆಂದಿಲ್ಲ. 1857ರ ಕಾಲದಿಂದ ಆರಂಭಿಸಿ ನವಲಗುಂದದ ವೈದಿಕ ಮನೆತನವೊಂದನ್ನು ತಲೆಮಾರುಗಳುದ್ದಕ್ಕೂ ಹಿಂಬಾಲಿಸುವ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’, ಪೋರ್ಚುಗೀಸರ ಹಾವಳಿಗೆ ಗೋವೆಯನ್ನು ಬಿಟ್ಟು ಕರಾವಳಿಗುಂಟ ದಕ್ಷಿಣಕ್ಕೆ ಬಂದ ಸಾರಸ್ವತರ ಬದುಕನ್ನು ಹಿಡಿದ ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ ಇವೆರಡೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಹಿರಿಯ ಕೃತಿಗಳು. ಆದರೆ ಒಂದು ಒರಳುಕಲ್ಲು ಯಾವ ಯಾವ ಮನೆಗೆ ಹೋಯಿತೆಂಬ ಲಲಿತ ಪ್ರಬಂಧ, ಭೋಗ್ಯಪತ್ರದಲ್ಲಿ ಹೆಬ್ಬೆಟ್ಟು ಒತ್ತಿದ ಅಜ್ಜಿಯ ಬಗ್ಗೆ ಇಪ್ಪತ್ತು ಸಾಲಿನ ಕವಿತೆ, ಒಂದೇ ರಾತ್ರಿಯ ಸಣ್ಣಕಥೆ ಇವೂ ಅಷ್ಟೇ ದೂರ ಹೋಗಬಲ್ಲವು. ತಲೆಮಾರುಗಳನ್ನೆಲ್ಲ ಹಿಡಿಯಹೊರಟ ಹೊಸ ಬರಹಗಾರರು ಸಾಮಾನ್ಯವಾಗಿ ಹೆಸರುಗಳ ಗುಂಪಿನಲ್ಲಿ ಸಿಕ್ಕಿಬೀಳುತ್ತಾರೆ. ಸಂಗ್ರಹಿಸಿದ್ದನ್ನೆಲ್ಲ ಹೇಳಬೇಕೆಂಬ ಆಸೆ ಸಂಶೋಧನೆಗೆ ಗುಣ, ಕಥೆಗೆ ಭಾರ.

ಬದುಕಿರುವವರ ವಿಚಾರ ಇನ್ನೂ ನಾಜೂಕಾದದ್ದು. ‘ಬುಡೆನ್‌ಬ್ರೂಕ್ಸ್’ 1901ರಲ್ಲಿ ಹೊರಬಂದಾಗ ಲ್ಯೂಬೆಕ್‌ನ ಜನ ಯಾವ ಪಾತ್ರ ಯಾರೆಂದು ಪಟ್ಟಿ ಮಾಡಿ ಕೈಯಿಂದ ಕೈಗೆ ದಾಟಿಸಿದರು. ತನ್ನನ್ನು ಅದರಲ್ಲಿ ಗುರುತಿಸಿಕೊಂಡು ನೊಂದ ಚಿಕ್ಕಪ್ಪ ಫ್ರೀಡ್ರಿಖ್, ತನ್ನ ಗೂಡನ್ನೇ ಹೊಲಸು ಮಾಡುವ ಹಕ್ಕಿ ಎಂದು ಮಗನಂಥ ಲೇಖಕನನ್ನು ಜರೆದು 1913ರಲ್ಲಿ ಪತ್ರಿಕೆಯಲ್ಲಿ ಪ್ರಕಟಣೆಯನ್ನೇ ಕೊಟ್ಟನು. ಹೆಸರು ಬದಲಿಸಿದ ಮಾತ್ರಕ್ಕೆ ಊರಿನವರ ಕಣ್ಣು ತಪ್ಪುವುದಿಲ್ಲ. ಹುಡುಕುತ್ತ ಹೋದವರಿಗೆ ದತ್ತು, ಬಚ್ಚಿಟ್ಟ ಎರಡನೆಯ ಮದುವೆ, ಮಾನಸಿಕ ಅಸ್ವಸ್ಥತೆ, ಒಕ್ಕಲೆಬ್ಬಿಸಿದ ಕ್ರೌರ್ಯ ಇವು ಎದುರಾಗಿಯೇ ಆಗುತ್ತವೆ. ಭೈರಪ್ಪನವರ ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಯರಿಗೆ ತಾವು ಬಾಳೆಲ್ಲ ಕಾಪಾಡಿದ ವಂಶದ ರಕ್ತವೇ ತಮ್ಮದಲ್ಲವೆಂದು ಇಳಿವಯಸ್ಸಿನಲ್ಲಿ ತಿಳಿಯುತ್ತದೆ, ಅಂಥ ಅರಿವು ಕಾದಂಬರಿಯ ಪಾತ್ರವನ್ನೇ ಅಷ್ಟು ಅಲುಗಿಸುವುದಾದರೆ, ನೆರೆಮನೆಯಲ್ಲಿ ಬದುಕಿರುವ ಎಂಬತ್ತರ ಮುದುಕಿಯನ್ನು ಏನು ಮಾಡೀತೆಂದು ಬರಹಗಾರ ಯೋಚಿಸಲೇಬೇಕು. ನೊಂದವರ ಗುಟ್ಟನ್ನು ಅವರು ಇರುವವರೆಗೆ ಕಾಯುವುದೂ, ನೋಯಿಸಿದವರ ಗುಟ್ಟನ್ನು ಮನೆತನದ ಮರ್ಯಾದೆಯ ಹೆಸರಿನಲ್ಲಿ ಮುಚ್ಚದಿರುವುದೂ ನ್ಯಾಯವಾದ ಅಳತೆ. ಒಡೆಯರ ಮನೆತನದಲ್ಲಿ ಹುಟ್ಟಿದವರು ತಮ್ಮ ಚರಿತ್ರೆ ಬರೆಯುವಾಗ, ಆ ಮನೆಯ ಹಿತ್ತಲಲ್ಲಿ ದುಡಿದವರನ್ನು ಹೆಸರಿಲ್ಲದ ಆಳುಗಳಾಗಿ ಬಿಟ್ಟರೆ ಹಳೆಯ ಲೆಕ್ಕದ ಪುಸ್ತಕದ ಅನ್ಯಾಯವನ್ನೇ ಹೊಸ ಅಕ್ಷರದಲ್ಲಿ ಬರೆದಂತಾಗುತ್ತದೆ.

ಈಗ ಈ ಕೆಲಸಕ್ಕೆ ಹೊಸ ತುರ್ತು ಬಂದಿದೆ. ಕನ್ನಡದ ಮನೆಗಳ ಮೊಮ್ಮಕ್ಕಳು ಮುಂಬಯಿಯಲ್ಲಿ, ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ಬೆಳೆದು, ಅಜ್ಜಿಯ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯಲು ತೊಡಗಿದ್ದಾರೆ. ಅದು ಸಂತೋಷದ ವಿಷಯವೇ. ಆದರೆ ಅಜ್ಜಿ ‘ಬಾವಿಗೆ ಬಿದ್ದಳಂತೆ’ ಎಂದು ಹೇಳಿದ್ದು ಆ ಭಾಷೆಗೆ ಹೋದಾಗ ಬಹುಮಟ್ಟಿಗೆ ‘ಬಾವಿಗೆ ಬಿದ್ದಳು’ ಎಂದಾಗಿಬಿಡುತ್ತದೆ. ಕಾಲುಜಾರಿತೋ, ತಾನೇ ಹಾರಿದಳೋ, ಯಾರಾದರೂ ನೂಕಿದರೋ ಎಂಬುದನ್ನು ಹೇಳದೆ ಹೇಳುತ್ತಿದ್ದ ಆ ಎರಡಕ್ಷರ ಅನುವಾದದಲ್ಲಿ ಬಿದ್ದುಹೋಗುತ್ತದೆ, ಅದರೊಂದಿಗೆ ಮನೆಯವರು ಅರವತ್ತು ವರ್ಷ ಬಾಯಿಬಿಡದೆ ಕಾಪಾಡಿಕೊಂಡ ಅನುಮಾನವೂ ಬಿದ್ದುಹೋಗುತ್ತದೆ. ಆದ್ದರಿಂದ ಬರೆಯುವುದು ಯಾವ ಭಾಷೆಯಲ್ಲಾದರೂ ಆಗಲಿ, ಹಿರಿಯರ ಮಾತನ್ನು ಅವರ ಆಡುಮಾತಿನಲ್ಲಿಯೇ ಧ್ವನಿಮುದ್ರಿಸಿಕೊಂಡು, ಅವರು ಎಲ್ಲಿ ‘ಅಂತೆ’ ಎಂದರು, ಎಲ್ಲಿ ಎನ್ನಲಿಲ್ಲ, ಎಲ್ಲಿ ಮಾತು ನಿಲ್ಲಿಸಿ ಎದ್ದು ಒಳಗೆ ಹೋದರು ಎಂಬುದನ್ನೂ ಅದರ ಪಕ್ಕದಲ್ಲಿ ಗುರುತುಹಾಕಿಡಬೇಕು.